ತನೂಫ್ ಎಂಬ ಊರು ಮತ್ತು ಹಸಿರು ಬೆಟ್ಟದ ಆ ರಾತ್ರಿ

ಮಸ್ಕತ್, ಸೋಹಾರ್, ನಿಝ್ವಾ ಕಡೆ ದುಡಿದು ಬಂದ ನಮ್ಮವರಿಗೆ 'ತನೂಫ್' ಅಂದರೆ ನೀರಿನ ಬಾಟಲಿ. ಸೈಟಿನಲ್ಲಿ, ಗ್ರೋಸರಿಯ ಫ್ರಿಜ್ಜಿನಲ್ಲಿ, ಕಂಪನಿ ಬಸ್ಸಿನ ಸೀಟಿನಡಿಯಲ್ಲಿ, ಎಲ್ಲಿ ನೋಡಿದರೂ ಅದೇ. ಅದೊಂದು ಊರಿನ ಹೆಸರು ಎಂದು ಎಷ್ಟು ಜನರಿಗೆ ಗೊತ್ತು? ನಿಝ್ವಾದಿಂದ ಬಹ್ಲಾ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬೆಟ್ಟದ ಕಡೆ ತಿರುಗಿದರೆ ಹಳೆಯ ತನೂಫ್ ಸಿಗುತ್ತದೆ. ಮಣ್ಣಿನ ಗೋಡೆಗಳು ನಿಂತಿವೆ, ಮೇಲೆ ಮಾಡು ಇಲ್ಲ. ಮಸೀದಿಯ ಕಮಾನು ಆಕಾಶ ನೋಡುತ್ತಿದೆ. ಮಳೆಗಾಳಿಗೆ ಬಿದ್ದ ಊರು ಅಲ್ಲ ಇದು. 1950ರ ದಶಕದಲ್ಲಿ ಬ್ರಿಟಿಷ್ ವಿಮಾನಗಳು ಬಾಂಬ್ ಹಾಕಿ ಕೆಡವಿದ ಊರು.

ನಾನು ಆ ಭಾಗದಲ್ಲಿ ನಾಲ್ಕು ವರ್ಷ ಪಂಪ್ ಮೆಂಟೆನೆನ್ಸ್ ಕೆಲಸದಲ್ಲಿದ್ದೆ. ಸಂಬಳ ಕೊಟ್ಟ ದೇಶದ ಕಥೆ ತಿಳಿಯಬೇಕು ಎಂದು ಓದಲು ಶುರು ಮಾಡಿದವನು, ಕೊನೆಗೆ ಒಂದು ರಾತ್ರಿಯ ಯುದ್ಧಕ್ಕೆ ಬಂದು ನಿಂತೆ.

ಒಮಾನ್ ನಮಗೆ ಹೊಸ ಪರಿಚಯ ಏನಲ್ಲ. ಮಂಗಳೂರಿನ ಅಕ್ಕಿ ಶತಮಾನಗಳ ಕಾಲ ಮಸ್ಕತ್ತಿಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನ್ ಅಲ್ಲಿ ತನ್ನದೇ ವ್ಯಾಪಾರ ಕೋಠಿ ಇಟ್ಟಿದ್ದ. ನಮ್ಮ ಉಪ್ಪ ಅಂಗಡಿಯಲ್ಲಿ ಅಕ್ಕಿ ಅಳೆದವರು. ಈ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಸಾಲ ಇತ್ತಾ, ನಗದಾ?" ಆದರೆ ನಮ್ಮ ಹಡಗುಗಳು ಕಂಡದ್ದು ಬಂದರನ್ನು ಮಾತ್ರ. ಬಂದರಿನ ಹಿಂದಿನ ಬೆಟ್ಟ ದಾಟಿದರೆ ಬೇರೆಯೇ ರಾಜ್ಯ.

1970ರವರೆಗೆ ಆ ದೇಶದ ಹೆಸರೇ 'ಮಸ್ಕತ್ ಮತ್ತು ಒಮಾನ್'. ಕರಾವಳಿ ಸುಲ್ತಾನನದು. ಒಳನಾಡು ಇಮಾಮನದು. ಇಮಾಮ್ ಅಂದರೆ ಇಲ್ಲಿ ಮಸೀದಿಯಲ್ಲಿ ನಮಾಝ್‌ಗೆ ನಿಲ್ಲುವವರು ಮಾತ್ರ ಅಲ್ಲ. ಇಬಾಳಿ ಪಂಥದ ಉಲಮಾಗಳು, ಕಬೀಲೆಯ ಮುಖ್ಯಸ್ಥರು ಸೇರಿ ಆರಿಸುವ ಆಡಳಿತಗಾರ. 1920ರ ಸೀಬ್ ಒಪ್ಪಂದದಲ್ಲಿ ಬ್ರಿಟಿಷರ ಮಧ್ಯಸ್ಥಿಕೆಯಿಂದ ಇಬ್ಬರೂ ಒಬ್ಬರ ತಂಟೆಗೆ ಒಬ್ಬರು ಬರುವುದಿಲ್ಲ ಎಂದು ಒಪ್ಪಿಕೊಂಡರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ನಡೆದುಕೊಂಡು ಬಂತು.

ಮುರಿದದ್ದು ಎಣ್ಣೆಯಿಂದ. ಒಳನಾಡಿನ ಫಹೂದ್‌ನಲ್ಲಿ ಎಣ್ಣೆ ಇದೆ ಎಂದು ಕಂಪನಿಗೆ ಅನಿಸಿತು. ಅಲ್ಲಿಗೆ ಹೋಗಲು ಪರವಾನಗಿ ಕೊಡುವವರು ಯಾರು, ಸುಲ್ತಾನನೋ ಇಮಾಮನೋ? 1954ರಲ್ಲಿ ಹಳೆಯ ಇಮಾಮ್ ತೀರಿಹೋಗಿ ಗಾಲಿಬ್ ಬಿನ್ ಅಲಿ ಆಯ್ಕೆಯಾದರು. ಅದೇ ವರ್ಷ ಕಂಪನಿಯ ಹಣದಿಂದಲೇ ಕಟ್ಟಿದ ಸೈನ್ಯದ ಕಾವಲಿನಲ್ಲಿ ಸರ್ವೆಯವರು ಫಹೂದ್‌ಗೆ ಬಂದರು. 1955ರ ಡಿಸೆಂಬರ್‌ನಲ್ಲಿ ಸುಲ್ತಾನ್ ಸಯೀದ್ ಬಿನ್ ತೈಮೂರ್ ಸೈನ್ಯ ನಿಝ್ವಾ ಹಿಡಿಯಿತು. ಈ ಸುಲ್ತಾನ್ ಓದಿದ್ದು ನಮ್ಮ ಅಜ್ಮೀರದ ಮೇಯೋ ಕಾಲೇಜಿನಲ್ಲಿ.

ಗಾಲಿಬ್‌ರ ತಮ್ಮ ತಾಲಿಬ್ ಸೌದಿಗೆ ತಪ್ಪಿಸಿಕೊಂಡು, ಆಯುಧ ಮತ್ತು ತರಬೇತಿ ಪಡೆದ ಜನರೊಂದಿಗೆ 1957ರಲ್ಲಿ ವಾಪಸ್ ಬಂದ. ಬೆಟ್ಟದ ಒಡೆಯ ಸುಲೈಮಾನ್ ಬಿನ್ ಹಿಮ್ಯರ್ ಅವರ ಜೊತೆ ಸೇರಿದ. ಮೊದಲು ಸುಲ್ತಾನನ ಸೈನ್ಯ ಸೋತಿತು. ನಂತರ ಬ್ರಿಟಿಷ್ ಪಡೆ, ಬ್ರಿಟಿಷ್ ವಿಮಾನ ಬಂದವು. ಆಗಸ್ಟಿನಲ್ಲಿ ನಿಝ್ವಾ ಮತ್ತೆ ಸುಲ್ತಾನನ ಕೈಗೆ ಹೋಯಿತು. ಮೂವರೂ ಜಬಲ್ ಅಖ್ದರ್ ಹತ್ತಿದರು.

ಆ ಬೆಟ್ಟ ನೋಡಿದವರಿಗೆ ಮುಂದಿನದು ಅರ್ಥವಾಗುತ್ತದೆ. ಹೆಸರು ಹಸಿರು ಬೆಟ್ಟ. ಕೆಳಗಿನಿಂದ ಕಾಣುವುದು ಬರೀ ಬೋಳು ಕಲ್ಲು. ಮೇಲೆ ಸುಮಾರು 2000 ಮೀಟರ್ ಎತ್ತರದಲ್ಲಿ ಸೈಕ್ ಬಯಲು, ಅಂದರೆ ನಮ್ಮ ಕುದುರೆಮುಖದ ತುದಿಗಿಂತ ಎತ್ತರ. ಅಲ್ಲಿ ದಾಳಿಂಬೆ, ಗುಲಾಬಿ, ಆಕ್ರೋಟು. ಹತ್ತಲು ಇದ್ದದ್ದು ಕಿರಿದಾದ ಕಾಲುದಾರಿಗಳು ಮಾತ್ರ. ಮೇಲೆ ನಾಲ್ಕು ಜನ ಬಂದೂಕು ಹಿಡಿದು ಕೂತರೆ ಕೆಳಗಿನ ನೂರು ಜನರನ್ನು ತಡೆಯಬಹುದು. ಬೆಟ್ಟದ ಬುಡದ ದಾರಿಗಳಲ್ಲಿ ದಂಗೆಯವರು ಮೈನ್ ಹೂತು ವಾಹನಗಳನ್ನು ಒಂದೊಂದಾಗಿ ಹಾರಿಸುತ್ತಿದ್ದರು. ಹೀಗೆ ಒಂದೂವರೆ ವರ್ಷ ಹೋಯಿತು.

ಆ ಒಂದೂವರೆ ವರ್ಷದ ಯುದ್ಧ ಮುಖ್ಯವಾಗಿ ಆಕಾಶದಿಂದ ನಡೆಯಿತು. ಶಾರ್ಜಾದಿಂದ ವೆನಮ್ ವಿಮಾನಗಳು, ಮಸೀರಾ ದ್ವೀಪದಿಂದ ಶ್ಯಾಕಲ್ಟನ್ ಬಾಂಬರ್‌ಗಳು ಬಂದು ಹೋಗುತ್ತಿದ್ದವು. ಬಾಂಬ್ ಬಿದ್ದದ್ದು ಬಂದೂಕಿನವರ ಮೇಲೆ ಮಾತ್ರ ಅಲ್ಲ. ನೀರಿನ ತೊಟ್ಟಿ ಮತ್ತು ಫಲಜ್‌ಗಳನ್ನೂ ಗುರಿ ಮಾಡಿದರು.

ಫಲಜ್ ಅಂದರೆ ಏನು ಎಂದು ಕಾಸರಗೋಡಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ನಮ್ಮ ಗುಡ್ಡದ ಸುರಂಗದ ಸೋದರ ಅದು. ಗುಡ್ಡದ ಹೊಟ್ಟೆಯ ಒರತೆಯನ್ನು ಪಂಪಿಲ್ಲದೆ, ಇಳಿಜಾರಿನ ಲೆಕ್ಕದಲ್ಲೇ ಹರಿಸಿ ತರುವುದು. ಡಿಪ್ಲೊಮಾದಲ್ಲಿ ನಾವು ಪೈಪಿನ ಗ್ರೇಡಿಯೆಂಟ್ ಲೆಕ್ಕ ಹಾಕುತ್ತಿದ್ದೆವು. ಅವರು ಅದನ್ನು ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. ಇದರ ಒಂದು ದೌರ್ಬಲ್ಯ ಎಂದರೆ, ಮೇಲೆ ಒಂದು ಕಡೆ ಒಡೆದರೆ ಕೆಳಗೆ ಇಡೀ ತೋಟಕ್ಕೆ ನೀರಿಲ್ಲ. ಬಂದೂಕು ಹಿಡಿದವನು ಗುಹೆಗೆ ಹೋಗಿ ಅಡಗಬಹುದು. ಖರ್ಜೂರದ ಮರ, ದಾಳಿಂಬೆ ಗಿಡ ಎಲ್ಲಿಗೆ ಹೋಗಬೇಕು? ಈ ಯುದ್ಧದ ಬಗ್ಗೆ ಬ್ರಿಟಿಷ್ ಅಧಿಕಾರಿಗಳು ಬರೆದ ಪುಸ್ತಕಗಳಲ್ಲಿ ಕೊನೆಯ ರಾತ್ರಿಗೆ ಪುಟಗಟ್ಟಲೆ ಇದೆ, ನೀರಿಗೆ ಒಂದೆರಡು ಸಾಲು. ನನಗೆ ಅದೇ ದೊಡ್ಡ ಸಂಗತಿ ಅನಿಸಿತು.

1958ರಲ್ಲಿ ಸುಲ್ತಾನನ ಸೈನ್ಯದ ಮುಖ್ಯಸ್ಥನಾಗಿ ಡೇವಿಡ್ ಸ್ಮೈಲಿ ಎಂಬ ಬ್ರಿಟಿಷ್ ಕರ್ನಲ್ ಬಂದ. ಆ ಸೈನ್ಯದ ಸಿಪಾಯಿಗಳಲ್ಲಿ ಬಹಳ ಜನ ಬಲೂಚಿಗಳು. ಸಮುದ್ರದ ಆಚೆ ದಡದ ಗ್ವಾದರ್, ಮಕ್ರಾನ್ ಕಡೆಯವರು. ಹೊಟ್ಟೆಪಾಡಿಗೆ ಕಡಲು ದಾಟಿ ಬಂದು ಬೇರೆಯವರ ಬೆಟ್ಟಕ್ಕೆ ಗುಂಡು ಹೊಡೆದವರು. ನಾವು ಪಂಪು, ಕೌಂಟರು, ಡ್ರೈವಿಂಗ್‌ಗೆ ಹೋದೆವು. ಅವರಿಗೆ ಸಿಕ್ಕ ಕೆಲಸ ಅದು. ಇತ್ತ ಸುಲ್ತಾನನ ಪರ ಒಮಾನಿ ಕಬೀಲೆಗಳೂ ಇದ್ದವು, ಬನಿ ರುವಾಹಾ, ಅಬ್ರಿಯೀನ್. ಆದ್ದರಿಂದ ಇದನ್ನು ಬರೀ ಬ್ರಿಟಿಷರು-ಅರಬರ ಜಗಳ ಎಂದು ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಅಕ್ಕಪಕ್ಕದ ಕಣಿವೆಯವರೇ ಎದುರುಬದುರು ನಿಂತಿದ್ದರು.

ನವೆಂಬರ್‌ನಲ್ಲಿ ಮಲಯಾದ ಕಾಡಿನಿಂದ ಎಸ್.ಎ.ಎಸ್. ಎಂಬ ವಿಶೇಷ ಪಡೆಯ ಒಂದು ತುಕಡಿ ಬಂತು, ಜನವರಿಯಲ್ಲಿ ಇನ್ನೊಂದು. ಸಾಮಾನು ಹೊರಲು ಸೊಮಾಲಿಯಾದ ಕಡೆಯಿಂದ ಕತ್ತೆ ತರಿಸಿದರು. ಅವು ಬೆಟ್ಟದ ಕತ್ತೆಗಳ ಮುಂದೆ ತೀರಾ ಚಿಕ್ಕವು, ಹೊರುವ ಭಾರವೂ ಬಹಳ ಕಡಿಮೆ. ಸ್ಥಳೀಯರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು! ಸಾಮಾನು ಖರೀದಿ ಮಾಡುವವರು ಆಫೀಸಿನಲ್ಲಿ, ಬಳಸುವವರು ಸೈಟಿನಲ್ಲಿ. ಇದು ಯಾವ ಕಾಲಕ್ಕೂ ಇದ್ದದ್ದೇ.

ಆದರೆ ಕತ್ತೆ ಹೊಡೆಯುವವರು ಬೇರೆ ಒಂದು ಕೆಲಸಕ್ಕೆ ಬಂದರು. ದಾಳಿಗೆ ಸ್ವಲ್ಪ ಮೊದಲು ಅಧಿಕಾರಿಗಳು ಅವರನ್ನು ಕರೆದು, ತನೂಫ್ ದಾರಿಯಲ್ಲಿ ನೀರು ಹೇಗೆ, ದಾರಿ ಹೇಗೆ ಎಂದು ವಿಚಾರಿಸಿ, ಯಾರಿಗಾದರೂ ಹೇಳಿದರೆ ಪ್ರಾಣ ಹೋದೀತು ಎಂದು ಹೆದರಿಸಿದರು. ಗುಟ್ಟು ಎಂದು ಹೇಳಿದ ಮಾತು ಬಸ್‌ಸ್ಟ್ಯಾಂಡಿಗೆ ಮೊದಲು ಮುಟ್ಟುತ್ತದೆ ಎಂದು ನಮಗೂ ಗೊತ್ತಲ್ಲ? ಒಂದು ದಿನದೊಳಗೆ ಸುದ್ದಿ ತಾಲಿಬನಿಗೆ ಮುಟ್ಟಿತು, ಆತ ಕಾವಲನ್ನು ತನೂಫ್ ಕಡೆ ಸರಿಸಿದ. ಬೇಕಾಗಿದ್ದದ್ದೂ ಅದೇ.

1959ರ ಜನವರಿ 26ರ ರಾತ್ರಿ. ಹುಣ್ಣಿಮೆ ಕಳೆದು ಎರಡು ದಿನ. ಹವೆ ಕೆಟ್ಟು ಒಂದು ದಿನ ಮುಂದಕ್ಕೆ ಹೋಗಿತ್ತು. ತನೂಫ್ ಕಡೆ ಸದ್ದು ಮಾಡುವ ಸುಳ್ಳು ದಾಳಿ. ನಿಜವಾದ ಪಡೆ ಪಕ್ಕದ ಕಮಾಹ್ ಕಡೆಯಿಂದ ಮೇಲೆ ಹತ್ತಿತು. ಒಬ್ಬೊಬ್ಬನ ಬೆನ್ನಿನಲ್ಲಿ ಅರ್ಧ ಮೂಟೆ ಅಕ್ಕಿಯಷ್ಟು ಭಾರ. ದಾರಿಯಲ್ಲಿ ಒಂದು ದೊಡ್ಡ ಮಷಿನ್ ಗನ್ ಸಿಕ್ಕಿತು; ಕಾಯಬೇಕಾದವರು ಪಕ್ಕದ ಗುಹೆಯಲ್ಲಿ ನಿದ್ದೆಯಲ್ಲಿದ್ದರು. ಬೆಳಕಾಗುವ ಮೊದಲು ತಲುಪುವುದಿಲ್ಲ ಎಂದು ಕಂಡಾಗ ಮುಂದಿದ್ದವರು ಚೀಲಗಳನ್ನು ಬಿಟ್ಟು ಬಂದೂಕು ಮಾತ್ರ ಹಿಡಿದು ಓಡಿದರು. ಒಂಬತ್ತು ಗಂಟೆಗೂ ಹೆಚ್ಚು ಹತ್ತಿ ಸೂರ್ಯ ಹುಟ್ಟುವ ಹೊತ್ತಿಗೆ ತುದಿಯಲ್ಲಿದ್ದರು. ಬೆಳಿಗ್ಗೆ ವಿಮಾನದಿಂದ ಪ್ಯಾರಾಶೂಟಿನಲ್ಲಿ ನೀರು, ಮದ್ದುಗುಂಡು ಇಳಿಸಿದಾಗ ಮೇಲಿದ್ದವರು ಅವು ಸೈನಿಕರೇ ಎಂದು ಭಾವಿಸಿ ಚದುರಿದರು. ಒಂದು ಬಿಡಿ ಗುಂಡು ಒಬ್ಬ ಸೈನಿಕನ ಚೀಲದಲ್ಲಿದ್ದ ಗ್ರೆನೇಡಿಗೆ ತಾಗಿ ಸಿಡಿದು ಇಬ್ಬರು ಸತ್ತರು. ದೊಡ್ಡ ಕಾದಾಟ ಎಂಬುದು ನಡೆಯಲೇ ಇಲ್ಲ. ಗಾಲಿಬ್, ತಾಲಿಬ್, ಸುಲೈಮಾನ್ ಮೂವರೂ ಸೌದಿಗೆ ಪಾರಾದರು.

ಆ ಇಬ್ಬರ ಹೆಸರು ಅವರ ರೆಜಿಮೆಂಟಿನ ದಾಖಲೆಯಲ್ಲಿದೆ. ಇರಲಿ, ಇರಬೇಕಾದದ್ದೇ. ಆದರೆ ಆ ಪುಸ್ತಕಗಳಲ್ಲಿ ಸೈಕ್, ಶುರೈಜಾ, ಬನಿ ಹಬೀಬ್ ಎಂಬ ಮೇಲಿನ ಹಳ್ಳಿಗಳಲ್ಲಿ ಸತ್ತವರಿಗೆ ಹೆಸರಿಲ್ಲ, 'ಬಂಡಾಯಗಾರರು' ಎಂಬ ಒಂದು ಪದ ಇದೆ. ತೋಟ ಒಣಗಿದವನಿಗೆ ಅದೂ ಇಲ್ಲ.

ಇನ್ನು ಎಣ್ಣೆಯ ಮಾತು. 1956ರಲ್ಲಿ ಫಹೂದ್‌ನಲ್ಲಿ ಕೊರೆಯಲು ಶುರು ಮಾಡಿದ ಮೊದಲ ಬಾವಿಯಲ್ಲಿ ಎಣ್ಣೆ ಸಿಗಲಿಲ್ಲ. ಬೆಟ್ಟದಲ್ಲಿ ಜನ ಸಾಯುತ್ತಿದ್ದಾಗ ಕೆಳಗೆ ಮರಳಿನಲ್ಲಿ ಕಂಪನಿಯ ಕೈ ಖಾಲಿ. 1964ರಲ್ಲಿ ಎಣ್ಣೆ ಸಿಕ್ಕಿತು, ಆ ಮೊದಲ ಬಾವಿಯಿಂದ ಕೆಲವೇ ನೂರು ಮೀಟರ್ ಆಚೆ! 1967ರಲ್ಲಿ ರಫ್ತು, 1970ರಲ್ಲಿ ಸಯೀದ್‌ರನ್ನು ಇಳಿಸಿ ಮಗ ಕಾಬೂಸ್ ಸುಲ್ತಾನರಾದರು, ರಸ್ತೆ, ಶಾಲೆ, ಆಸ್ಪತ್ರೆ ಬಂದವು. ಅದರ ಹಿಂದೆಯೇ ವೀಸಾ, ಅದರ ಹಿಂದೆ ನಾವು. ಉಪ್ಪಳದಿಂದ ಉಳ್ಳಾಲದವರೆಗೆ ಎಷ್ಟು ಮನೆಗಳ ತಾರಸಿ ರಿಯಾಲಿನದು ಎಂದು ಲೆಕ್ಕ ಹಾಕಲು ಹೋಗುವುದಿಲ್ಲ. ನಮ್ಮದೂ ಅದರಲ್ಲಿ ಒಂದು. ಕಾಬೂಸ್ ಕಾಲದ ಒಮಾನ್ ನಮಗೆ ಒಳ್ಳೆಯದೇ ಮಾಡಿದೆ. ಆ ಶಾಂತಿಯ ಬೆಲೆಯಲ್ಲಿ ಒಂದು ಪಾಲು ತನೂಫ್‌ನವರು ಕೊಟ್ಟದ್ದು.

ಈಗ ಬಿರ್ಕತುಲ್ ಮೌಝ್ ಕಡೆಯಿಂದ ಮೇಲೆ ಡಾಂಬರು ರಸ್ತೆ ಇದೆ. ಚೆಕ್‌ಪೋಸ್ಟಿನಲ್ಲಿ ಫೋರ್‌ವೀಲ್ ಡ್ರೈವ್ ಗಾಡಿ ಮಾತ್ರ ಬಿಡುತ್ತಾರೆ. ಇಳಿಯುವಾಗ ಲೋ ಗೇರ್ ಹಾಕದಿದ್ದರೆ ಬ್ರೇಕ್ ಕಾದು ವಾಸನೆ ಬರುತ್ತದೆ. ಮೇಲೆ ದೊಡ್ಡ ಹೋಟೆಲುಗಳು, ಗುಲಾಬಿ ನೀರು ಮಾರುವ ಹುಡುಗರು. ಫಲಜ್‌ಗಳಲ್ಲಿ ನೀರು ಹರಿಯುತ್ತಿದೆ.

ಇಮಾಮ್ ಗಾಲಿಬ್ ತನ್ನ ಬೆಟ್ಟಕ್ಕೆ ವಾಪಸ್ ಬರಲಿಲ್ಲ. ಐವತ್ತು ವರ್ಷ ಪರದೇಶದಲ್ಲಿದ್ದು 2009ರಲ್ಲಿ ತೀರಿಕೊಂಡರು, ಸೌದಿಯ ದಮ್ಮಾಮ್‌ನಲ್ಲಿ. ಆ ವರ್ಷ ದಮ್ಮಾಮ್‌ನಲ್ಲಿ ನಮ್ಮ ಊರಿನವರೇ ಎಷ್ಟೋ ಜನ ಇದ್ದರು.