ಧೂಳಿನ ಸೀಮೆಯ ಏರ್ ಕ್ಲೀನರ್

ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಲು ಹತ್ತಿರ ಹತ್ತಿರ 11 ಕಿಲೋ ಗಾಳಿ ಬೇಕು. ಲೀಟರಿಗೆ 15 ಕಿ.ಮೀ. ಕೊಡುವ ಸಣ್ಣ ಕಾರು ವರ್ಷಕ್ಕೆ 15,000 ಕಿ.ಮೀ. ಓಡಿದರೆ 11 ಟನ್ ಗಾಳಿ, ಬೇಸಿಗೆಯ ಲೆಕ್ಕದಲ್ಲಿ ಸುಮಾರು 9,500 ಘನ ಮೀಟರ್, ಅದರ ಮೂಗಿನೊಳಗೆ ಹೋಗುತ್ತದೆ. ಕೊಪ್ಪಳ ಸೀಮೆಯಲ್ಲಿ ಆ ಗಾಳಿ ಒಂಟಿಯಾಗಿ ಹೋಗುವುದಿಲ್ಲ. ಕುಷ್ಟಗಿಯ ಮಸಾರಿ ಗ್ರಾನೈಟ್ ಕಲ್ಲು ಕರಗಿ ಆದ ಮಣ್ಣು. ಅದರ ತುಂಬ ಕ್ವಾರ್ಟ್ಜ್ ಕಣ. ಗಡಸುತನದ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್‌ಗೆ 7. ಎಂಜಿನ್ನಿನ ಬೀಡುಕಬ್ಬಿಣ ಅದಕ್ಕಿಂತ ಮೆತ್ತಗೆ. ಯಲಬುರ್ಗಾದ ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು, ಬಂಡಿ ಜಾಡಿನಲ್ಲಿ ಹಿಟ್ಟಾಗಿ ಏಳುತ್ತದೆ. ಗಂಗಾವತಿಯಲ್ಲಿ ಇವೆರಡರ ಮೇಲೆ ಭತ್ತದ ಹೊಟ್ಟು ಬೇರೆ. ಹೊಟ್ಟು ಸುಟ್ಟರೆ ಐದರಲ್ಲಿ ಒಂದು ಪಾಲು ಬೂದಿ ಉಳಿಯುತ್ತದೆ, ಆ ಬೂದಿಯ ಬಹುಪಾಲು ಸಿಲಿಕಾ. ಅಂದರೆ ಮತ್ತೆ ಮರಳೇ. ಇಂಥ ಕಡೆ ಸ್ಪೋರ್ಟಿ ಹ್ಯಾಚ್‌ಬ್ಯಾಕಿಗೆ ಯಾವ ಏರ್ ಫಿಲ್ಟರ್ ಹಾಕಿಸಬೇಕು ಎಂಬುದನ್ನು ಜನ ಹಾರ್ಸ್‌ಪವರಿನ ಮಾತಾಗಿ ಎತ್ತುತ್ತಾರೆ. ಅದು ಮಣ್ಣಿನ ಮಾತು. ಈ ಸೀಮೆಯ ಟ್ರ್ಯಾಕ್ಟರುಗಳು ಅದಕ್ಕೆ ಹಿಂದೆಯೇ ಉತ್ತರ ಕೊಟ್ಟಿವೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದಾಗ ಈ ಸೀಮೆ ಇನ್ನೂ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆ. ಮೈಸೂರು ಸೇರಿದ್ದು 1956ರಲ್ಲಿ, ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನೀರಿನ ಹಿಂದೆ ಆಂಧ್ರದ ಕಡೆಯಿಂದ ಭತ್ತ ಬಲ್ಲ ರೈತರು ಬಂದು ಶ್ರೀರಾಮನಗರದಂಥ ಕ್ಯಾಂಪುಗಳನ್ನು ಕಟ್ಟಿದರು. ಅವರ ಹಿಂದೆ ಯಂತ್ರ ಬಂತು. ಕಿರ್ಲೋಸ್ಕರ್ ಆಯಿಲ್ ಎಂಜಿನ್, ಮಹೀಂದ್ರ ಬಿ-275, ಮೆಸ್ಸಿ ಫರ್ಗೂಸನ್ 1035, ಯಾವುದೇ ಇರಲಿ, ಗಾಳಿ ಒಳಗೆ ಹೋಗುವ ಬಾಯಲ್ಲಿ ಒಂದೇ ಬಗೆಯ ಡಬ್ಬಿ ಇರುತ್ತಿತ್ತು. ಕಬ್ಬಿಣದ ಉರುಟು ಡಬ್ಬಿ, ಅದರ ತಳಕ್ಕೆ ಕ್ಲಿಪ್ಪು ಹಾಕಿ ಕಚ್ಚಿಸಿದ ಬಟ್ಟಲು, ಬಟ್ಟಲಲ್ಲಿ ಗೆರೆಯವರೆಗೆ ಎಂಜಿನ್ ಎಣ್ಣೆ. ಗಾಳಿ ನಡುಗೊಳವೆಯಲ್ಲಿ ರಭಸವಾಗಿ ಇಳಿದು ಎಣ್ಣೆಗೆ ಬಡಿದು ತಟ್ಟನೆ ಮೇಲಕ್ಕೆ ಹೊರಳುತ್ತದೆ. ಭಾರದ ಕಣಕ್ಕೆ ಅಷ್ಟು ಬೇಗ ಹೊರಳಲು ಬರುವುದಿಲ್ಲ, ಎಣ್ಣೆಯಲ್ಲಿ ಬೀಳುತ್ತದೆ. ತಪ್ಪಿಸಿಕೊಂಡದ್ದು ಮೇಲಿನ ತಂತಿಜಾಳಿಗೆಯ ಜಿಡ್ಡಿಗೆ ಅಂಟುತ್ತದೆ. ರಂಟೆ ಹೊಡೆಯುವ ದಿನಗಳಲ್ಲಿ ಬಟ್ಟಲು ಬಿಚ್ಚಿದರೆ ತಳದಲ್ಲಿ ಜೋಳದ ಅಂಬಲಿಯಷ್ಟು ಗಟ್ಟಿಯಾದ ಕರಿ ಕೆಸರು. ಅದನ್ನು ಚೆಲ್ಲಿ, ಡೀಸೆಲ್ಲಿನಲ್ಲಿ ತೊಳೆದು, ಹೊಸ ಎಣ್ಣೆ ಹೊಯ್ಯಬೇಕು. ‘ಏರ್ ಕ್ಲೀನರ್’ ಎಂಬ ಹೆಸರು ಹಳಬರ ಬಾಯಲ್ಲಿ ಇನ್ನೂ ಉಳಿದಿರುವುದು ಈ ಡಬ್ಬಿಯಿಂದಲೇ.

ಎಣ್ಣೆ ಬಟ್ಟಲಿಗೆ ಒಂದು ಹುಟ್ಟುದೋಷವಿತ್ತು. ಗಾಳಿ ರಭಸವಾಗಿ ಬಂದಾಗ ಮಾತ್ರ ಅದು ಚೆನ್ನಾಗಿ ಹಿಡಿಯುತ್ತದೆ; ಎಂಜಿನ್ ನಿಧಾನವಾಗಿ ತಿರುಗುವಾಗ ಹೊರಳುವ ಗಾಳಿಗೆ ಬಿರುಸಿಲ್ಲ, ಸಣ್ಣ ಕಣ ಎಣ್ಣೆ ಮುಟ್ಟದೆ ದಾಟುತ್ತದೆ. ಕಾಗದದ ಫಿಲ್ಟರ್ ಇದಕ್ಕೆ ತಿರುಗುಮುರುಗು. ಮಡಿಕೆ ಮಡಿಕೆಯಾದ ಆ ಕಾಗದ ನಿಧಾನವಿರಲಿ ಜೋರಿರಲಿ ಹಿಡಿಯುತ್ತದೆ, ಮೇಲೆ ಧೂಳಿನ ಪದರ ಕೂತಂತೆ ಆ ಪದರವೇ ಜರಡಿಯಾಗಿ ಇನ್ನೂ ಸಣ್ಣದನ್ನು ತಡೆಯುತ್ತದೆ. ಹಾಗಾಗಿ ಈಗಿನ ಅನೇಕ ಟ್ರ್ಯಾಕ್ಟರುಗಳಲ್ಲಿ ಡ್ರೈ ಟೈಪ್ ಬಂದಿದೆ: ಹೊರಗೊಂದು ಕಾಗದದ ಫಿಲ್ಟರ್, ಅದು ಹರಿದರೂ ಎಂಜಿನ್ ಉಳಿಯಲೆಂದು ಒಳಗೆ ಇನ್ನೊಂದು. ರಾಶಿ ಕಾಲಕ್ಕೆ ಗಂಗಾವತಿ, ಕಾರಟಗಿ ಗದ್ದೆಗಳಿಗೆ ಇಳಿಯುವ ಕಟಾವು ಯಂತ್ರಗಳಲ್ಲಿ ಇವೆರಡಕ್ಕೂ ಮುಂಚೆ ಹೊಟ್ಟು, ಹುಲ್ಲಿನ ಚೂರನ್ನು ಸುತ್ತಿಸಿ ಹೊರಗೆಸೆಯುವ ಪ್ರೀ-ಕ್ಲೀನರ್ ಬೇರೆ ಇರುತ್ತದೆ. ಎಣ್ಣೆ ಬಟ್ಟಲು ಇನ್ನೂ ಕೆಲವು ಮಾಡೆಲುಗಳಲ್ಲಿದೆ. ಫಿಲ್ಟರ್ ಕೊಳ್ಳುವ ಖರ್ಚಿಲ್ಲ, ತೊಳೆಯುವ ಕೈ ಮನೆಯಲ್ಲೇ ಇದೆ ಎಂಬ ಕಾರಣಕ್ಕೆ ಅದನ್ನು ಇಷ್ಟಪಡುವವರೂ ಇದ್ದಾರೆ. ಆದರೂ ಯಂತ್ರ ದುಬಾರಿಯಾದಷ್ಟೂ ಈ ಸೀಮೆ ಎಣ್ಣೆ ಬಿಟ್ಟು ಕಾಗದದ ಕಡೆ ನಡೆದಿದೆ.

ಕಾರಿನ ಕಥೆ ಚಿಕ್ಕದು. 1983ರ ಮಾರುತಿ 800 ಹೊತ್ತಿಗಾಗಲೇ ಕಾಗದದ ಫಿಲ್ಟರ್ ರೂಢಿಯಾಗಿತ್ತು. 2005ರಲ್ಲಿ ಸ್ವಿಫ್ಟ್ ಬಂದ ಮೇಲೆ ಸಣ್ಣ ಕಾರು ಎಂದರೆ ಬಡವರ ಕಾರು ಎಂಬ ಭಾವನೆ ಹೋಯಿತು. ಪೋಲೋ ಜಿಟಿ, ಬಲೆನೊ ಆರ್‌ಎಸ್, 2021ರ ಐ20 ಎನ್ ಲೈನ್, 2024ರ ಆಲ್ಟ್ರೋಜ್ ರೇಸರ್ ಎಂದು ಟರ್ಬೊ ಸಾಲು ಬೆಳೆಯಿತು. ಅದರ ಜೊತೆಗೇ ಎಣ್ಣೆ ಸವರಿದ ಹತ್ತಿಯ ಕೆಂಪು ಫಿಲ್ಟರ್, ಬಾನೆಟ್ಟಿನೊಳಗೆ ತೆರೆದುಕೊಂಡಿರುವ ಕೋನ್ ಇಂಟೇಕ್ ಬಂದವು, ಹೊಸ ತಂತ್ರಜ್ಞಾನವೆಂಬ ಮೆರುಗಿನಲ್ಲಿ. ನನಗೆ ಇದು ತಮಾಷೆಯಾಗಿ ಕಾಣುತ್ತದೆ. ಜಿಡ್ಡಿನ ಮೇಲೆ ಧೂಳು ಅಂಟಿಸಿಕೊಳ್ಳುವುದು, ತೊಳೆದು ಮತ್ತೆ ಎಣ್ಣೆ ಹಚ್ಚುವುದು: ಟ್ರ್ಯಾಕ್ಟರ್ ಡಬ್ಬಿಯ ತಂತಿಜಾಳಿಗೆ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಹತ್ತಿಬಟ್ಟೆ ಮಾಡುತ್ತದೆ. ಅಪ್ಪ ಹೊಲದಲ್ಲಿ ಬಿಟ್ಟದ್ದನ್ನು ಮಗ ಹೆಚ್ಚಿನ ದುಡ್ಡು ಕೊಟ್ಟು ಕಾರಿಗೆ ಹಾಕಿಸುತ್ತಾನೆ.

ಬಲ್ಲವರು ಇಲ್ಲೊಂದು ಗಟ್ಟಿ ಆಕ್ಷೇಪ ಎತ್ತುತ್ತಾರೆ. ಈ ಬಗೆಯ ಫಿಲ್ಟರಿಗೆ ಜಗತ್ತಿನಲ್ಲಿ ಹೆಸರು ತಂದ ಕೆ ಆ್ಯಂಡ್ ಎನ್ ಕಂಪನಿ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದೇ ಮಣ್ಣಿನ ಹಾದಿಯಲ್ಲಿ ಮೋಟಾರ್‌ಸೈಕಲ್ ಓಡಿಸುವವರ ನಡುವೆ. ಮರುಭೂಮಿಯ ಧೂಳು ತಡೆದದ್ದು ಕುಷ್ಟಗಿಯ ಧೂಳು ತಡೆಯದೇ ಎಂದು. ಹುಟ್ಟಿನ ಮಾತು ನಿಜ. ಆದರೆ ರೇಸಿನ ಗಾಡಿಯ ಫಿಲ್ಟರ್ ಓಟ ಮುಗಿದ ಕೂಡಲೇ ತೊಳೆಸಿಕೊಳ್ಳುತ್ತದೆ, ಎಂಜಿನ್ ಮತ್ತೆ ಮತ್ತೆ ಬಿಚ್ಚಿಸಿಕೊಂಡು ಹೊಸ ರಿಂಗು ಕಾಣುತ್ತದೆ. ಮನೆಯ ಕಾರು ಲಕ್ಷ ಕಿ.ಮೀ. ಬಿಚ್ಚದೆ ಓಡಬೇಕು. ಲೆಕ್ಕ ಹಾಕಿ ನೋಡೋಣ. ಒಂದು ಘನ ಮೀಟರ್ ಗಾಳಿಯಲ್ಲಿ 1 ಮಿಲಿಗ್ರಾಂ ಧೂಳು ಎಂದು ಇಟ್ಟುಕೊಂಡರೆ ಆ 9,500 ಘನ ಮೀಟರಿನಲ್ಲಿ ವರ್ಷಕ್ಕೆ 9.5 ಗ್ರಾಂ. ನೂರರಲ್ಲಿ 1 ಪಾಲು ಬಿಡುವ ಫಿಲ್ಟರ್ 95 ಮಿಲಿಗ್ರಾಂ ಒಳಗೆ ಬಿಟ್ಟರೆ, 3 ಪಾಲು ಬಿಡುವುದು 285 ಮಿಲಿಗ್ರಾಂ ಬಿಡುತ್ತದೆ. ಧೂಳಿನ ಪ್ರಮಾಣ ಇಲ್ಲಿ ಲೆಕ್ಕಕ್ಕಾಗಿ ಹಿಡಿದದ್ದು, ನೋಡಬೇಕಾದ್ದು ಅನುಪಾತ. ಪೆಟ್ಟಿಗೆಯ ಮೇಲೆ 99 ಮತ್ತು 97 ಅಕ್ಕಪಕ್ಕದ ಅಂಕಿಗಳಂತೆ ಕಾಣುತ್ತವೆ. ಸಿಲಿಂಡರಿನ ಗೋಡೆಗೆ ಅದು ಮೂರು ಪಟ್ಟು ಮರಳು.

‘ಗಾಳಿ ಸರಾಗವಾದರೆ ಪವರ್ ಹೆಚ್ಚುತ್ತದಲ್ಲ’ ಎಂಬ ಮಾತಿನಲ್ಲೂ ಸ್ವಲ್ಪ ಹುರುಳಿದೆ, ಬಹಳ ಇಲ್ಲ. ಆಕ್ಸಲರೇಟರ್ ಪೂರ್ತಿ ಒತ್ತಿ ಎಂಜಿನ್ ಗರಿಷ್ಠಕ್ಕೆ ಏರಿಸಿದಾಗ ಮಾತ್ರ ಕಂಪನಿಯ ಫಿಲ್ಟರ್ ಗಾಳಿಗೆ ಅಡ್ಡಿ ಎನಿಸೀತು. ಗಂಗಾವತಿ ಪೇಟೆಯ ಭತ್ತದ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಹೋಗುವಾಗ ಅದರ ಗೊಡವೆಯೇ ಇಲ್ಲ. ಕೋನ್ ಇಂಟೇಕಿನದು ಇನ್ನೂ ವಿಚಿತ್ರ. ಕಂಪನಿಯವರು ಪೈಪಿನ ಬಾಯನ್ನು ಸಾಮಾನ್ಯವಾಗಿ ಗ್ರಿಲ್ಲಿನ ಹತ್ತಿರ, ಹೊರಗಿನ ಗಾಳಿ ಸಿಗುವ ಕಡೆ ಇಟ್ಟಿರುತ್ತಾರೆ. ಕಂಪನಿಯ ಫಿಲ್ಟರ್ ಡಬ್ಬಿ ಕಿತ್ತು ಕೋನ್ ಕೂಡಿಸಿದರೆ ಎಂಜಿನ್ ತನ್ನದೇ ಕಾವಿನ ಗಾಳಿ ಎಳೆದುಕೊಳ್ಳುತ್ತದೆ. ಗಾಳಿ 3 ಡಿಗ್ರಿ ಕಾದರೆ ಸುಮಾರು ನೂರಕ್ಕೆ ಒಂದರಷ್ಟು ತೆಳುವಾಗುತ್ತದೆ. ಹೊರಗೇ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್–ಮೇ ತಿಂಗಳಲ್ಲಿ ಬಾನೆಟ್ಟಿನೊಳಗೆ ಇನ್ನೂ 20 ಡಿಗ್ರಿ ಏರಿದರೆ ಫಿಲ್ಟರ್ ಕೊಟ್ಟದ್ದನ್ನು ಬಿಸಿಲು ಬಡ್ಡಿಸಮೇತ ವಸೂಲು ಮಾಡುತ್ತದೆ. ಉಳಿಯುವುದು ಸದ್ದು. ಆ ಗುಟುರು ಚೆಂದವೇ. ಸದ್ದಿಗಾಗಿ ಹಾಕಿಸಿದೆ ಎಂದು ಒಪ್ಪಿಕೊಳ್ಳುವವರ ಜೊತೆ ನನಗೆ ತಕರಾರಿಲ್ಲ. ಪವರಿಗೆ ಎನ್ನುವವರ ಜೊತೆ ಇದೆ.

ತೊಳೆದು ಬಳಸಬಹುದು, ಕಡೆಗೆ ಅದೇ ಅಗ್ಗ ಎನ್ನುವ ವಾದವೂ ಇದೆ. ತೊಳೆದ ಹತ್ತಿ ನೆರಳಲ್ಲಿ ಪೂರ್ತಿ ಒಣಗಬೇಕು, ಎಣ್ಣೆ ಹದವಾಗಿ ಬೀಳಬೇಕು. ಕಡಿಮೆಯಾದರೆ ಧೂಳು ನಿಲ್ಲುವುದಿಲ್ಲ. ಹೆಚ್ಚಾದರೆ, ಗಾಡಿಯಲ್ಲಿ ಏರ್ ಫ್ಲೋ ಸೆನ್ಸರ್ ಇದ್ದ ಪಕ್ಷದಲ್ಲಿ, ಜಿಡ್ಡು ಅದಕ್ಕೆ ಮೆತ್ತಿ ಗಾಳಿಯ ಅಳತೆಯೇ ತಪ್ಪುತ್ತದೆ. ಬಟ್ಟಲಿನಲ್ಲಿ ಗೆರೆ ನೋಡಿ ಎಣ್ಣೆ ಹೊಯ್ಯುವುದು ಇದಕ್ಕಿಂತ ಸಲೀಸಿತ್ತು. ಕಾಗದದವರೂ ಒಂದು ತಪ್ಪು ಮಾಡುತ್ತಾರೆನ್ನಿ: ಪಂಕ್ಚರ್ ಅಂಗಡಿಯಲ್ಲಿ ಜೋರಾಗಿ ಹವಾ ಹೊಡೆಸಿ ಅದೇ ಫಿಲ್ಟರನ್ನು ಮತ್ತೆ ಹಾಕುತ್ತಾರೆ. ಆ ಹವಾಕ್ಕೆ ಕಾಗದದ ಎಳೆ ಬಿಟ್ಟುಕೊಂಡರೆ ಕಣ್ಣಿಗೆ ಕಾಣುವುದಿಲ್ಲ, ಮರಳಿಗೆ ಕಾಣುತ್ತದೆ.

ಈಗ ಎಲ್ಲ ಡಾಂಬರು ರಸ್ತೆ, ಧೂಳೆಲ್ಲಿ ಎನ್ನುವವರು ಹೊಸಪೇಟೆ–ಹುಬ್ಬಳ್ಳಿ ಹೆದ್ದಾರಿಯನ್ನು ನೆನೆಯಲಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೆ ಬಂದರುಗಳತ್ತ ಹೊರಟ ಅದಿರಿನ ಲಾರಿಗಳು ಕೊಪ್ಪಳ ದಾಟಿಯೇ ಹೋಗುತ್ತಿದ್ದವು. ಡಾಂಬರು ಅಡಿಗಿತ್ತು, ಕೆಂಪು ಹುಡಿ ಮೇಲಿತ್ತು. ಗಿಣಿಗೇರಿಯ ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಗಳ ಸುತ್ತಿನ ಊರುಗಳಲ್ಲಿ ಮಾಳಿಗೆಯ ಮೇಲೆ ಕೂರುವ ಕರಿ ಹುಡಿಯ ಬಗ್ಗೆ ಜನ ಇಂದಿಗೂ ದೂರುತ್ತಿದ್ದಾರೆ. ಟರ್ಬೊ ಗಾಡಿಗೆ ಇದು ಇನ್ನೂ ಕೆಟ್ಟದ್ದು: ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಅದರ ರೆಕ್ಕೆಗಳಿಗೆ ಕಣ ಬಡಿಯುತ್ತದೆ, ಸಿಲಿಂಡರಿಗಿಂತ ಮುಂಚೆ.

ಆದ್ದರಿಂದ ಈ ಸೀಮೆಯಲ್ಲಿ ಓಡುವ ಹ್ಯಾಚ್‌ಬ್ಯಾಕಿಗೆ ಕಂಪನಿಯ ಡಬ್ಬಿ, ಕಂಪನಿಯ ಕಾಗದ, ಪುಸ್ತಕದಲ್ಲಿ ಬರೆದ ಅವಧಿಗಿಂತ ಬೇಗ ಬದಲಾವಣೆ, ರಾಶಿ ಕಾಲ ಮುಗಿದೊಡನೆ ಒಮ್ಮೆ ಬಿಚ್ಚಿ ನೋಡುವುದು: ಇಷ್ಟೇ ನನ್ನ ಆಯ್ಕೆ. ಕೆಂಪು ಫಿಲ್ಟರ್ ಈಗಾಗಲೇ ಹಾಕಿಸಿದವರು ನನ್ನ ಮಾತು ನಂಬಬೇಕಿಲ್ಲ. ಫಿಲ್ಟರ್ ದಾಟಿ ಎಂಜಿನ್ನಿಗೆ ಹೋಗುವ ಪೈಪು ಬಿಚ್ಚಿ, ಒಳಗೋಡೆಗೆ ಒಂದು ಬಿಳಿ ಬಟ್ಟೆ ಸವರಿ ನೋಡಿ.