ಇಟಲಿಯ ಅಡಗೂಲಜ್ಜಿ ಕಥೆಗಳು



ಒಲೆಯ ಬೂದಿಯಲ್ಲಿ ಕೂತ ಹುಡುಗಿ, ಕಳೆದುಹೋದ ಪಾದರಕ್ಷೆ, ಹುಡುಕಿಸುವ ರಾಜ. ಸಿಂಡ್ರೆಲಾ ಕಥೆಯನ್ನು ನಮ್ಮ ಮಕ್ಕಳು ಇಂಗ್ಲಿಷ್ ಪುಸ್ತಕದಲ್ಲಿ ಓದುತ್ತಾರೆ. ಫ್ರಾನ್ಸಿನ ಪೆರೋ ಅದನ್ನು 1697ರಲ್ಲಿ ಪ್ರಕಟಿಸಿದ. ಅದಕ್ಕೂ ಅರುವತ್ತು ವರ್ಷ ಮೊದಲೇ ಆ ಕಥೆ ಇಟಲಿಯ ನೇಪಲ್ಸಿನಲ್ಲಿ ಅಚ್ಚಾಗಿತ್ತು.

ಬರೆದವನು ಜಾಂಬತ್ತಿಸ್ತ ಬಸೀಲೆ. ಆಗ ನೇಪಲ್ಸಿನಲ್ಲಿ ಸ್ಪೇನಿನವರ ಆಳ್ವಿಕೆ, ವಿದ್ವಾಂಸರ ಬರಹಕ್ಕೆ ಟಸ್ಕನಿಯ ಇಟಾಲಿಯನ್. ಬಸೀಲೆ ಊರುಗಳ ಆಡಳಿತ ನೋಡಿಕೊಂಡ ಅಧಿಕಾರಿ, ಆ ಶಿಷ್ಟ ಭಾಷೆಯಲ್ಲಿ ಕಾವ್ಯ ಬರೆದವನು. ಆದರೂ ಕಥೆಗೆ ಅವನು ಹಿಡಿದದ್ದು ಬೀದಿಯ ನೇಪಲ್ಸ್ ಮಾತನ್ನೇ. ಲೆಡ್ಜರಿನ ಭಾಷೆ ಒಂದು, ಕೌಂಟರಿನ ಆಚೆಯ ಮಾತು ಇನ್ನೊಂದು ಎಂಬುದನ್ನು ಬ್ಯಾಂಕಿನಲ್ಲಿ ಕಂಡ ನನಗೆ ಈ ಆಯ್ಕೆ ಸಣ್ಣದೆನಿಸುವುದಿಲ್ಲ. 1632ರಲ್ಲಿ ಅವನು ತೀರಿಕೊಂಡ. ಗಾಯಕಿಯಾಗಿದ್ದ ತಂಗಿ ಆದ್ರಿಯಾನ 1634ರಿಂದ 1636ರೊಳಗೆ ಐವತ್ತು ಕಥೆಗಳ ಆ ಗ್ರಂಥವನ್ನು ಅಚ್ಚು ಹಾಕಿಸಿದಳು.

ಅವನ ಸಿಂಡ್ರೆಲಾಳ ಹೆಸರು ಜೆಜೊಲ್ಲಾ. ಸಾಧುವಲ್ಲ! ಪಾಠ ಹೇಳುವಾಕೆಯ ಮಾತು ಕೇಳಿ, ಪೆಟ್ಟಿಗೆಯ ಮುಚ್ಚಳ ಬೀಳಿಸಿ ಮಲತಾಯಿಯನ್ನು ಕೊಲ್ಲುತ್ತಾಳೆ. ಆ ಪಾಠದಾಕೆಯೇ ಹೊಸ ಮಲತಾಯಿಯಾಗಿ ಬಂದು, ಬಚ್ಚಿಟ್ಟಿದ್ದ ಆರು ಹೆಣ್ಣುಮಕ್ಕಳನ್ನು ಹೊರತೆಗೆಯುತ್ತಾಳೆ. ಸಾರ್ಡೀನಿಯದಿಂದ ಬಂದ ಖರ್ಜೂರದ ಸಸಿ ನಾಲ್ಕೇ ದಿನದಲ್ಲಿ ಆಳೆತ್ತರ ಬೆಳೆದು ಅವಳನ್ನು ಕಾಯುತ್ತದೆ. ನಮ್ಮಲ್ಲೂ ಇಂಥವಳಿದ್ದಾಳೆ, ಎ.ಕೆ. ರಾಮಾನುಜನ್ ಸಂಗ್ರಹಿಸಿದ ಹಂಚಿಯ ಕಥೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ.

1861ರಲ್ಲಿ ಇಟಲಿ ಒಂದೇ ರಾಜ್ಯವಾಯಿತು. ಆದರೆ ಇಟಾಲಿಯನ್ ಮಾತಾಡುವವರು ಕೆಲವರೇ, ಉಳಿದವರಿಗೆ ಅವರವರ ಸೀಮೆಯ ನುಡಿ. ಸಿಸಿಲಿಯ ಪಲೆರ್ಮೋದಲ್ಲಿ ಜುಸೆಪ್ಪೆ ಪಿತ್ರೆ ಎಂಬ ವೈದ್ಯನಿದ್ದ. ರೋಗಿಗಳನ್ನು ನೋಡಲು ಹೋದಲ್ಲೆಲ್ಲ ಕಥೆ ಕೇಳಿದ. 1875ರಲ್ಲಿ ಮುನ್ನೂರು ಕಥೆಗಳನ್ನು ಸಿಸಿಲಿ ಮಾತಿನಲ್ಲೇ ನಾಲ್ಕು ಸಂಪುಟಗಳಾಗಿ ತಂದ. ಹೇಳಿದವರಲ್ಲಿ ಮುಖ್ಯಳು ಅಗತುತ್ಸಾ ಮೆಸ್ಸಿಯಾ. ಕೌದಿ ಹೊಲಿಯುವ ಹಣ್ಣು ಮುದುಕಿ, ಅಕ್ಷರ ಕಲಿತವಳಲ್ಲ. ಪಿತ್ರೆ ಅವಳ ಹೆಸರನ್ನು ಮುಚ್ಚಿಡದೆ ಪುಸ್ತಕದಲ್ಲಿ ಹಾಕಿದ. ಅದು ಅವನ ದೊಡ್ಡತನ.

1956ರಲ್ಲಿ ಕಾದಂಬರಿಕಾರ ಇತಾಲೋ ಕಾಲ್ವಿನೋ ಎಲ್ಲ ಸೀಮೆಗಳಿಂದ ಇನ್ನೂರು ಕಥೆ ಆಯ್ದು ಇಟಾಲಿಯನ್‌ನಲ್ಲಿ ತಿದ್ದಿ ಬರೆದ. ಉತ್ತರದವರಿಗೂ ಸಿಸಿಲಿಯ ಕಥೆ ತಿಳಿಯಿತು, ದೊಡ್ಡ ಉಪಕಾರವೇ. ಆದರೆ ಆ ಕೌದಿಯಜ್ಜಿಯ ಬಾಯಿಮಾತು ಬೇಕೆನ್ನುವವರು ಇಂದಿಗೂ ಪಿತ್ರೆಯ ಸಂಪುಟಗಳನ್ನೇ ತೆರೆಯಬೇಕು.