ಬರೋಣವಾಗಲಿ

ಕನ್ನಡದ ಕ್ರೈಸ್ತರು ಜೋಪಾನವಾಗಿ ಉಳಿಸಿಕೊಂಡ ಪದಗಳಲ್ಲಿ ‘ಬರೋಣ’ ಒಂದು. ‘ಕರ್ತನ ಎರಡನೇ ಬರೋಣ’ ಎಂದು ಪ್ರೊಟೆಸ್ಟಂಟ್ ಸಭೆಗಳ ಬೋಧಕರು ಹೇಳುವುದನ್ನು ಮೊದಲ ಸಲ ಕೇಳಿದವರು ತುಸು ತಬ್ಬಿಬ್ಬಾಗುವುದುಂಟು. ನಾವು ಬಲ್ಲ ಬರೋಣ ‘ಹೋಗಿ ಬರೋಣ’ದ ಬರೋಣ, ಜೊತೆಗಾರರನ್ನು ಹೊರಡಿಸುವ ಮಾತು. ಬೋಧಕರದು ಬರುವಿಕೆ ಎಂಬ ನಾಮಪದ. ಹಳೆಯ ಗದ್ಯದಲ್ಲಿ ಮಾಡೋಣ, ಹೋಗೋಣ ಎಲ್ಲವೂ ಹೀಗೆ ನಾಮಪದವಾಗಿ ವಿಭಕ್ತಿ ಹಚ್ಚಿಕೊಂಡು ಓಡಾಡುತ್ತಿದ್ದವು. ಈಗ ಆ ಬಳಕೆ ಬಹುಮಟ್ಟಿಗೆ ಸವೆದುಹೋಗಿದೆ.

ಕ್ಯಾಥೋಲಿಕರು ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ‘ಆಗಮನ ಕಾಲ’ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಅಡ್ವೆಂಟ್. ಅಡ್ವೆಂಟ್‌ನ ಮೂಲವಾದ ಲ್ಯಾಟಿನ್ ಪದ ‘ಆದ್ವೆಂತುಸ್’. ರೋಮಿನ ಚಕ್ರವರ್ತಿ ಊರಿಗೆ ಬಿಜಯಂಗೈಯುವ ವೈಭವಕ್ಕೂ ಅದೇ ಹೆಸರಿತ್ತು. ‘ಆಗಮನ’ದಲ್ಲಿ ಆ ಗಾಂಭೀರ್ಯ ಸರಿಯಾಗಿ ಇಳಿದಿದೆ. ಆದರೂ ನನ್ನ ಮನಸ್ಸು ಒಲಿಯುವುದು ಬರೋಣಕ್ಕೇ. ಬರುತ್ತಿರುವವನು ಚಕ್ರವರ್ತಿಯ ಹಾಗೆ ಬರಲಿಲ್ಲವಲ್ಲ, ಛತ್ರದಲ್ಲಿ ಜಾಗ ಸಿಗದೆ ದನಗಳ ಗೋದಲಿಯಲ್ಲಿ ಮಲಗಿದ ಕೂಸಾಗಿ ಬಂದ.

ಯಾವ ಬರೋಣಕ್ಕೆ ಆಗಮನ ಕಾಲದ ಈ ಸಿದ್ಧತೆ? ಹುಟ್ಟುಹಬ್ಬಕ್ಕೆ ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಕ್ಯಾಥೋಲಿಕ್ ಪೂಜಾವಿಧಿ ಬೇರೆ ದಿಕ್ಕಿನಿಂದ ಹೊರಡುತ್ತದೆ. ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬೀಳುವ ಭಾನುವಾರ ಈ ಕಾಲ ಶುರುವಾಗುತ್ತದೆ. ಅಂದಿನಿಂದ ಡಿಸೆಂಬರ್ 16ರವರೆಗೆ ಪ್ರಾರ್ಥನೆಗಳ ಕಣ್ಣು ಹೆಚ್ಚಾಗಿ ಕ್ರಿಸ್ತನ ಕೊನೆಯ ಬರೋಣದ ಮೇಲೆ. ಬೆತ್ಲೆಹೇಮಿನ ಕಡೆ ನೇರವಾಗಿ ಮುಖ ಮಾಡುವುದು 17ರಿಂದ. ಗುರುಗಳ ವಸ್ತ್ರ ನೇರಳೆ. ಭಾನುವಾರದ ಬಲಿಪೂಜೆಯಲ್ಲಿ ಗ್ಲೋರಿಯಾ ಹಾಡುವುದಿಲ್ಲ. ದೇವದೂತರ ಆ ಹಾಡನ್ನು ಕ್ರಿಸ್‌ಮಸ್ ರಾತ್ರಿಗಾಗಿ ಕಾದಿಡುತ್ತಾರೆ. 12ನೇ ಶತಮಾನದ ಸಂತ ಬರ್ನಾರ್ಡರು ಮೂರನೆಯದೊಂದು ಬರೋಣವನ್ನೂ ಹೇಳಿದರು. ಹುಟ್ಟಿಗೂ ಕಡೆಯ ದಿನಕ್ಕೂ ನಡುವೆ, ಯಾರ ಕಣ್ಣಿಗೂ ಬೀಳದೆ ಒಬ್ಬೊಬ್ಬರ ಒಳಗೆ ಆಗುವಂಥದ್ದು ಅದು. ಮೊದಲನೆಯದು ಆಗಿಹೋಯಿತು, ಕೊನೆಯದು ನಮ್ಮ ಕೈಯಲ್ಲಿಲ್ಲ. ನಾವು ಬಾಗಿಲು ತೆಗೆಯಬಹುದಾದ್ದು ಈ ನಡುವಿನದಕ್ಕೆ.

ಆದಿ ಕ್ರೈಸ್ತರಲ್ಲೂ ಹೀಗೆ ಎರಡು ಅರ್ಥಕ್ಕೆ ಒದಗುವ ಪದವಿತ್ತು: ‘ಮಾರಾನಾಥಾ’. ಅರಮಾಯಿಕ್ ಭಾಷೆಯದು. ಪೌಲನು ಕೊರಿಂಥದವರಿಗೆ ಗ್ರೀಕಿನಲ್ಲಿ ಬರೆದ ಮೊದಲ ಪತ್ರದ ಕೊನೆಯಲ್ಲಿ ಅದನ್ನು ಅನುವಾದಿಸದೆ ಹಾಗೆಯೇ ಇಟ್ಟ. ಒಂದು ರೀತಿ ಬಿಡಿಸಿದರೆ ‘ನಮ್ಮ ಕರ್ತ ಬಂದಿದ್ದಾನೆ’, ಇನ್ನೊಂದು ರೀತಿ ಬಿಡಿಸಿದರೆ ‘ನಮ್ಮ ಕರ್ತನೇ, ಬಾ’. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ಹುಡುಕಿದರೆ ನನಗೆ ಸಿಗುವುದು ಹಳೆಯ ನಾಟಕಗಳ, ದೊಡ್ಡ ಮನೆಗಳ ಸ್ವಾಗತ: ‘ಬರೋಣವಾಗಲಿ’. ಬಂದವರು ಎದುರಿಗೇ ನಿಂತಿದ್ದರೂ ಹಾಗೆನ್ನುತ್ತೇವೆ. ಅವರ ಬರೋಣ ಪೂರ್ತಿಯಾಗುವುದು ನಾವು ಒಳಗೆ ಕರೆದ ಮೇಲೆಯೇ.

ಒಳಗೆ ಜಾಗವಿಲ್ಲದೆ ಹಾಗೆ ಕರೆಯುವುದು ಸುಳ್ಳಾಗುತ್ತದೆ. ಆದ್ದರಿಂದಲೇ ಈ ವಾರಗಳಲ್ಲಿ ಧ್ಯಾನಕೂಟ, ಪಾಪನಿವೇದನೆ, ಬಡವರಿಗೆಂದು ತೆಗೆದಿಡುವ ಪಾಲು. ನಕ್ಷತ್ರದ ದೀಪ ಬೇಗ ತೂಗುಹಾಕಿದರೆ, ಹಬ್ಬದ ತಿಂಡಿ ಕುಸ್ವಾರ್ ಕರಿಯಲು ಕೂತರೆ ನನ್ನದೇನೂ ತಕರಾರಿಲ್ಲ. ಹಬ್ಬದ ಮನೆಗೆ ಆ ಕಂಪೂ ಬೇಕು. ಆದರೆ ನವೆಂಬರಿನಲ್ಲೇ ಹಬ್ಬ ಆಚರಿಸಿ ಮುಗಿಸಿಬಿಟ್ಟರೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ, ಅದು ನಿಜವಾದ ನಷ್ಟ.

ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ರಾಜಿಯಾಗು ಎಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಕಲಿಸಿದ. ಗೋದಲಿ ಕಟ್ಟಲು ಹುಲ್ಲು, ಬಿದಿರು ತರುವ ಮುಂಚೆ, ಮಾತು ಬಿಟ್ಟವರ ಮನೆಗೊಮ್ಮೆ ನೀವೇ ಹೋಗಿ ಬನ್ನಿ.